ಆಟದಿಂದ ಜೀವನೋಪಾಯಕ್ಕೆ: ಗಾಲ್ಫ್ ವೃತ್ತಿಗಾರನ ಉದಯವನ್ನು ಕುರಿತು

ಕ್ರೀಡೆಗಳ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಗೆದ್ದವರ ಹೆಸರುಗಳನ್ನೂ ಗೆಲುವಿನ ಅಂಕಿಗಳನ್ನೂ ಕ್ರಮವಾಗಿ ಜೋಡಿಸಿಕೊಟ್ಟು ತೃಪ್ತರಾಗಿದ್ದಾರೆ. ಆಡಿದವನು ಆಟ ಮುಗಿದ ಮೇಲೆ ಏನನ್ನು ಉಂಡನು, ಮನೆಯ ಬಾಡಿಗೆಯನ್ನು ಎಲ್ಲಿಂದ ತೆತ್ತನು ಎಂಬ ಪ್ರಶ್ನೆಯನ್ನು ಅವರು ಕೇಳಿರುವುದು ವಿರಳ. ಸಮಾಜದ ಇತಿಹಾಸವನ್ನು ಅರಿಯಬಯಸುವವರಿಗಾದರೋ ಈ ಪ್ರಶ್ನೆಯೇ ಮುಖ್ಯವಾದುದು. ಒಬ್ಬನು ಒಂದು ಆಟವನ್ನು ಮನಸಾರೆ ಪ್ರೀತಿಸುತ್ತಾನೆ; ಆ ಪ್ರೀತಿಯಿಂದಲೇ ಬಾಳನ್ನು ಸಾಗಿಸಲು ಹೊರಡುತ್ತಾನೆ. ಇದು ಯಾವ ಕಾಲದಲ್ಲಿ, ಯಾವ ಸಾಧನಗಳಿಂದ, ಯಾರ ಅನುಮತಿಯಿಂದ ಸಾಧ್ಯವಾಯಿತು? ಗಾಲ್ಫ್ ಆಟವನ್ನು ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪಮಟ್ಟಿಗೆ ಪರಿಶೀಲಿಸುವುದು ಪ್ರಸ್ತುತ ಲೇಖನದಲ್ಲಿ ನಮ್ಮ ಉದ್ದೇಶ.

ಆಟದ ಮೂಲವನ್ನು ಕುರಿತ ವಾದವಿವಾದಗಳಿಗೆ ನಾವು ಇಲ್ಲಿ ಕೈಹಾಕುವುದಿಲ್ಲ. ಪ್ರಜೆಗಳು ಬಿಲ್ವಿದ್ಯೆಯನ್ನು ಮರೆಯುತ್ತಿದ್ದಾರೆಂದು ಸ್ಕಾಟ್ಲೆಂಡಿನ ಎರಡನೆಯ ಜೇಮ್ಸನ ಕಾಲದಲ್ಲಿ, ಕ್ರಿ. ಶ. 1457ರಲ್ಲಿ, ಗಾಲ್ಫನ್ನೂ ಕಾಲ್ಚೆಂಡನ್ನೂ ನಿಷೇಧಿಸಲಾಯಿತೆಂಬ ಒಂದು ಸಂಗತಿಯನ್ನು ನೆನೆದರೆ ಸಾಕು. ನಿಷೇಧಿಸಬೇಕಾಗಿ ಬಂದಿತೆಂದಮೇಲೆ ಆಟ ಜನರಲ್ಲಿ ಆಳವಾಗಿಯೇ ಬೇರೂರಿದ್ದಿರಬೇಕು. ಮುಂದೆ ಹದಿನೆಂಟನೆಯ ಶತಮಾನದಲ್ಲಿ ಎಡಿನ್‌ಬರೋ, ಸೇಂಟ್ ಆಂಡ್ರೂಸ್ ಮೊದಲಾದ ಕಡೆಗಳಲ್ಲಿ ಭೂಮಾಲಿಕರೂ ವಕೀಲರೂ ವರ್ತಕರೂ ಕೂಡಿಕೊಂಡು ಆಟದ ಸಂಘಗಳನ್ನು ಕಟ್ಟಿದರು. ಎಡಿನ್‌ಬರೋ ಸಂಘದ ಕಾಲ 1744. ಸೇಂಟ್ ಆಂಡ್ರೂಸ್ ಸಂಘದ ಕಾಲ 1754. ಸಂಘಗಳು ಸಿರಿವಂತರವಾದರೂ ಆಟದ ನೆಲ ಅವರ ಸ್ವತ್ತಾಗಿರಲಿಲ್ಲ. ಕಡಲಿಗೂ ಹೊಲಗಳಿಗೂ ನಡುವೆ ಉಳುಮೆಗೆ ಒದಗದೆ ಬಿದ್ದಿದ್ದ, ಲಿಂಕ್ಸ್ ಎಂದು ಕರೆಯಲಾಗುವ, ಮರಳುಮಿಶ್ರಿತ ಹುಲ್ಲುಗಾವಲು ಅದು. ಊರವರು ಅಲ್ಲಿ ಬಟ್ಟೆ ಒಣಹಾಕುತ್ತಿದ್ದರು, ಕುರಿ ಮೇಯಿಸುತ್ತಿದ್ದರು, ಬಿಡುವಾದಾಗ ತಾವೂ ಕೋಲು ಹಿಡಿದು ಚೆಂಡು ಹೊಡೆಯುತ್ತಿದ್ದರು. ಶ್ರೀಮಂತನ ಕೋಲುಗಳನ್ನು ಹೊತ್ತು ನಡೆಯುವ ಕ್ಯಾಡಿಯ ಮಗನು ಆ ಶ್ರೀಮಂತನಿಗಿಂತ ಚೆನ್ನಾಗಿ ಆಡಬಲ್ಲವನಾದದ್ದು ಹೀಗೆ. ಮುಂದಿನ ಕಥೆಗೆಲ್ಲ ಇದೇ ಬೀಜ.

ಗಾಲ್ಫಿನ ಮೊದಲನೆಯ ವೃತ್ತಿಗಾರನೆಂದು ಸಾಮಾನ್ಯವಾಗಿ ಎಣಿಸಲ್ಪಡುವವನು ಸೇಂಟ್ ಆಂಡ್ರೂಸಿನ ಆಲನ್ ರಾಬರ್ಟ್‌ಸನ್ (1815-1859). ಆದರೆ ಅವನು ಜೀವಿಸಿದ್ದು ಆಟದಿಂದಲ್ಲ, ಚೆಂಡಿನಿಂದ. ಆ ಕಾಲದ ಗರಿಚೆಂಡನ್ನು ಮಾಡುವ ವಿಧಾನವನ್ನು ಇಲ್ಲಿ ತುಸು ವಿವರವಾಗಿ ಹೇಳುವುದು ಅವಶ್ಯಕ. ಏಕೆಂದರೆ ವೃತ್ತಿಯ ಸ್ವರೂಪವೆಲ್ಲ ಅದರಲ್ಲಿ ಅಡಗಿದೆ. ತೊಗಲಿನ ತುಂಡುಗಳನ್ನು ನೆನಸಿ ಮೆತ್ತಗೆ ಮಾಡಿ, ಚೀಲದಂತೆ ಹೊಲಿದು, ಒಳಮೈಯನ್ನು ಹೊರಕ್ಕೆ ತಿರುಗಿಸಿ, ಬಿಟ್ಟಿದ್ದ ಸಣ್ಣ ರಂಧ್ರದ ಮೂಲಕ ಬೇಯಿಸಿದ ಹೆಬ್ಬಾತಿನ ಗರಿಗಳನ್ನು ಕಬ್ಬಿಣದ ಕಡ್ಡಿಯಿಂದ ತುರುಕುತ್ತಿದ್ದರು. ಎತ್ತರವಾದ ಟೋಪಿಯೊಂದು ತುಂಬುವಷ್ಟು ಗರಿ ಒಂದೇ ಒಂದು ಚೆಂಡಿಗೆ ಬೇಕಾಗುತ್ತಿತ್ತು. ಕೈಬಲ ಸಾಲದೆ ಕಡ್ಡಿಯನ್ನು ಎದೆಗೆ ಆನಿಸಿ ಮೈಭಾರವನ್ನೆಲ್ಲ ಹಾಕಿ ಒತ್ತಬೇಕು. ಒಣಗುವಾಗ ತೊಗಲು ಕುಗ್ಗುತ್ತದೆ, ಗರಿ ಹಿಗ್ಗುತ್ತದೆ, ಚೆಂಡು ಕಲ್ಲಿನಂತಾಗುತ್ತದೆ. ನುರಿತ ಕೆಲಸಗಾರನೊಬ್ಬನು ದಿನಕ್ಕೆ ಮೂರೋ ನಾಲ್ಕೋ ಚೆಂಡುಗಳನ್ನು ಮಾಡಬಲ್ಲವನಾಗಿದ್ದನು. 1844ನೆಯ ವರ್ಷದಲ್ಲಿ ರಾಬರ್ಟ್‌ಸನ್ನನ ಮನೆಯಿಂದ 2,456 ಚೆಂಡುಗಳು ಹೊರಬಿದ್ದುವೆಂದು ತಿಳಿದುಬರುತ್ತದೆ. ವರ್ಷಕ್ಕೆ ಮುನ್ನೂರು ದಿನಗಳ ದುಡಿಮೆಯೆಂದು ಲೆಕ್ಕ ಹಿಡಿದರೆ ದಿನಕ್ಕೆ ಎಂಟಾಯಿತು; ಎಂದರೆ ಎರಡು ಮೂರು ಜೊತೆ ಕೈಗಳು ಬಿಡುವಿಲ್ಲದೆ ಅಲ್ಲಿ ದುಡಿಯುತ್ತಿರಬೇಕು. ಈ ಕಾರ್ಖಾನೆ ಇದ್ದದ್ದು ಅವನ ಅಡುಗೆಯ ಮನೆಯಲ್ಲಿ.

ಆ ಕೈಗಳಲ್ಲಿ ಒಂದು ಜೊತೆ ಟಾಮ್ ಮಾರಿಸನದು. 1821ರಲ್ಲಿ ಅದೇ ಊರಿನಲ್ಲಿ ಹುಟ್ಟಿದ ಈತನು ನೇಕಾರನ ಮಗ; ಹದಿಹರೆಯದಲ್ಲಿ ರಾಬರ್ಟ್‌ಸನ್ನನ ಬಳಿ ಕೆಲಸ ಕಲಿಯಲು ಸೇರಿದನು. ಇಬ್ಬರೂ ಜೊತೆಗೂಡಿ ಆಡಿದರೆ ಎದುರಾಳಿಗಳಿಗೆ ಉಳಿವಿಲ್ಲವೆಂಬ ಖ್ಯಾತಿ ಬೇಗನೆ ಹಬ್ಬಿತು. 1849ರಲ್ಲಿ ಮಸಲ್‌ಬರೋವಿನ ಡನ್ ಸೋದರರಿಗೂ ಇವರಿಗೂ 400 ಪೌಂಡುಗಳ ಪಣವಿಟ್ಟು ಮೂರು ಊರುಗಳ ಲಿಂಕ್ಸುಗಳಲ್ಲಿ ಪಂದ್ಯ ನಡೆಯಿತು. ಕೊನೆಯ ಊರಾದ ನಾರ್ತ್ ಬೆರಿಕ್ಕಿನಲ್ಲಿ, ಇನ್ನು ಎಂಟೇ ಕುಳಿಗಳು ಉಳಿದಿದ್ದಾಗ ನಾಲ್ಕು ಕುಳಿಗಳಷ್ಟು ಹಿಂದೆ ಬಿದ್ದಿದ್ದ ಸೇಂಟ್ ಆಂಡ್ರೂಸಿನವರು ಕಡೆಗೆ ಗೆದ್ದರು. ಇತಿಹಾಸಕಾರರು ಈ ಪಂದ್ಯವನ್ನು ಬಹಳ ಕೊಂಡಾಡಿದ್ದಾರೆ. ನಾವು ಗಮನಿಸಬೇಕಾದದ್ದು ಬೇರೊಂದು ಅಂಶ: ಆ ನಾನೂರು ಪೌಂಡುಗಳು ಆಟಗಾರರವಲ್ಲ, ಅವರ ಬೆನ್ನಿಗಿದ್ದ ಧನಿಕರವು. ಕುದುರೆಯ ಮೇಲೆ ಹಣ ಕಟ್ಟುವಂತೆ ಮನುಷ್ಯರ ಮೇಲೆ ಕಟ್ಟುತ್ತಿದ್ದರು. ಆಡಿದವನಿಗೆ ದೊರೆಯುತ್ತಿದ್ದುದು ಗೆದ್ದ ಧಣಿಯು ಮನಸ್ಸಿಗೆ ಬಂದಷ್ಟು ಕೊಟ್ಟ ಇನಾಮು.

ಇಷ್ಟರಲ್ಲಿ ಚೆಂಡಿನ ಲೋಕವೇ ತಲೆಕೆಳಗಾಯಿತು. ಮಲಯದ ಕಾಡುಗಳ ಮರದ ಹಾಲಿನಿಂದ ದೊರೆಯುವ ಗಟಾಪರ್ಚವೆಂಬ ಅಂಟನ್ನು ಬಿಸಿನೀರಿನಲ್ಲಿ ಮೆದುಮಾಡಿ ಉರುಟಿದರೆ ಚೆಂಡಾಗುತ್ತದೆಂಬುದು 1848ರ ಹೊತ್ತಿಗೆ ತಿಳಿದುಬಂದಿತು. ಪೂರ್ವದೇಶದಿಂದ ಸೇಂಟ್ ಆಂಡ್ರೂಸಿಗೆ ಬಂದ ವಿಷ್ಣುವಿನ ವಿಗ್ರಹವೊಂದರ ಸುತ್ತ ರಕ್ಷಣೆಗಾಗಿ ತುಂಬಿದ್ದ ಗಟಾಪರ್ಚದ ಚೂರುಗಳಿಂದಲೇ ಮೊದಲ ಚೆಂಡು ಆಯಿತೆಂದು ಒಂದು ಕಥೆಯುಂಟು. ನಮ್ಮ ಕಡೆಯ ಓದುಗರಿಗೆ ಇದು ಇಷ್ಟವಾಗಬಹುದಾದರೂ ಇದನ್ನು ಐತಿಹ್ಯವೆಂದೇ ಎಣಿಸುವುದು ಕ್ಷೇಮ. ಹೊಸ ಚೆಂಡು ಅಗ್ಗವಾದದ್ದು, ನೆನೆದರೆ ಕೆಡುವುದಿಲ್ಲ, ಒಡೆದರೆ ಕರಗಿಸಿ ಮತ್ತೆ ಉರುಟಬಹುದು. ರಾಬರ್ಟ್‌ಸನ್ನನಿಗೆ ಇದು ಮನೆಗೆ ಬಿದ್ದ ಬೆಂಕಿಯಂತೆ ತೋರಿದುದರಲ್ಲಿ ಆಶ್ಚರ್ಯವಿಲ್ಲ. ಅವನು ಊರ ಹುಡುಗರಿಂದ ಇಂತಹ ಚೆಂಡುಗಳನ್ನು ಕೊಂಡು ಸುಟ್ಟುಬಿಡುತ್ತಿದ್ದನೆಂದು ಹೇಳುತ್ತಾರೆ. ಒಂದು ದಿನ ಆಟದ ನಡುವೆ ತನ್ನ ಚೆಂಡುಗಳು ಮುಗಿದುಹೋಗಲು ಮಾರಿಸನು ಜೊತೆಯವನಿಂದ ಗಟಾಪರ್ಚದ ಚೆಂಡನ್ನು ಪಡೆದು ಆಡಿದನು. ಸುದ್ದಿ ಯಜಮಾನನ ಕಿವಿಗೆ ಬಿದ್ದಿತು; ಮಾತಿಗೆ ಮಾತು ಬೆಳೆಯಿತು; ಮಾರಿಸನು ಬೇರೆ ಅಂಗಡಿ ಹೂಡಿದನು. ರಾಬರ್ಟ್‌ಸನ್ನನೂ ಬಹುಕಾಲ ಹಟ ಹಿಡಿಯಲಿಲ್ಲ. ಹೊಸ ಚೆಂಡನ್ನೇ ಮಾಡತೊಡಗಿದನು. ಅದು ಗರಿಚೆಂಡಿನ ಅವಸಾನ.

ಯಂತ್ರಮಗ್ಗದಿಂದ ನೇಕಾರನು ಕೆಟ್ಟನೆಂಬುದನ್ನು ಎಲ್ಲ ಪಠ್ಯಪುಸ್ತಕಗಳೂ ಹೇಳುತ್ತವೆ. ಇಲ್ಲಿ ನಡೆದದ್ದು ಅದಕ್ಕೆ ಸರಿಯಾಗಿ ಹೊಂದುವುದಿಲ್ಲ. ಹಳೆಯ ಕೈಕಸಬು ಹಾಳಾಯಿತು, ನಿಜ. ಆದರೆ ಚೆಂಡು ಅಗ್ಗವಾದುದರಿಂದ ಆಡುವವರ ಸಂಖ್ಯೆ ಹೆಚ್ಚಿತು, ಆಡುವವರು ಹೆಚ್ಚಿದಂತೆ ಆಟದ ನೆಲಗಳು ಹೆಚ್ಚಿದುವು, ನೆಲವನ್ನು ಬಲ್ಲವನಿಗೆ ಬೆಲೆ ಬಂದಿತು. 1852ರಲ್ಲಿ ಸೇಂಟ್ ಆಂಡ್ರೂಸಿಗೆ ರೈಲು ಬಂದುದನ್ನೂ ಇದರೊಡನೆ ಸೇರಿಸಿಕೊಳ್ಳಬೇಕು. ಗರಿಚೆಂಡು ಉಳಿದಿದ್ದರೆ ವೃತ್ತಿಗಾರನು ಅಡುಗೆಯ ಮನೆಯಲ್ಲಿಯೇ ಉಳಿಯುತ್ತಿದ್ದನೆಂಬುದು ನಮ್ಮ ಅಭಿಪ್ರಾಯ.

ಮಾರಿಸನ ಮುಂದಿನ ಜೀವನವೇ ಇದಕ್ಕೆ ಸಾಕ್ಷಿ. 1851ರಲ್ಲಿ ಕರ್ನಲ್ ಫೇರ್ಲಿಯೆಂಬ ಹಿತೈಷಿಯ ಪ್ರಯತ್ನದಿಂದ ಅವನು ಪಶ್ಚಿಮ ತೀರದ ಪ್ರೆಸ್ಟ್‌ವಿಕ್ಕಿಗೆ ನೆಲದ ಪಾಲಕನಾಗಿ ಹೋಗಿ ಅಲ್ಲಿ ಹನ್ನೆರಡು ಕುಳಿಗಳ ಅಂಕಣವನ್ನು ರಚಿಸಿದನು. 1859ರಲ್ಲಿ ರಾಬರ್ಟ್‌ಸನ್ನನು ಕಾಮಾಲೆಯಿಂದ ತೀರಿಕೊಂಡಮೇಲೆ, ದೇಶದಲ್ಲಿ ಇನ್ನು ಮೊದಲಿಗನಾರು ಎಂಬ ಪ್ರಶ್ನೆ ಎದ್ದಿತು. ಅದರ ಫಲವಾಗಿ 1860ರ ಅಕ್ಟೋಬರ್ 17ರಂದು ಪ್ರೆಸ್ಟ್‌ವಿಕ್ಕಿನಲ್ಲಿ ನಡೆದ ಸ್ಪರ್ಧೆಯೇ ಇಂದು ಓಪನ್ ಚಾಂಪಿಯನ್‌ಷಿಪ್ ಎಂದು ಜಗತ್ಪ್ರಸಿದ್ಧವಾಗಿರುವುದು. ಆಡಿದವರು ಎಂಟೇ ಮಂದಿ. ಕ್ಯಾಡಿಗಳಾಗಿ ಪರಿಚಿತರೂ ನಡತೆಯಲ್ಲಿ ಗೌರವಸ್ಥರೂ ಆದವರನ್ನು ಕಳುಹಿಸಿರೆಂದು ಸಂಘಗಳಿಗೆ ಬರೆದಿದ್ದರೆಂಬುದರಿಂದ ಇವರನ್ನು ಯಾವ ಸ್ಥಾನದಲ್ಲಿ ಇಟ್ಟಿದ್ದರೆಂಬುದು ವ್ಯಕ್ತವಾಗುತ್ತದೆ. ಒಂದೇ ದಿನ ಮೂವತ್ತಾರು ಕುಳಿಗಳನ್ನು ಆಡಿ ಮಸಲ್‌ಬರೋವಿನ ವಿಲ್ಲಿ ಪಾರ್ಕನು 174 ಹೊಡೆತಗಳಿಂದ ಗೆದ್ದನು, ಮಾರಿಸನಿಗೆ 176. ಗೆದ್ದವನಿಗೆ ಒಂದು ವರ್ಷ ಇಟ್ಟುಕೊಳ್ಳಲು ಬೆಳ್ಳಿಯ ಬಿಲ್ಲೆಯುಳ್ಳ ಕೆಂಪು ತೊಗಲಿನ ನಡುಪಟ್ಟಿ ದೊರೆಯಿತು. ಹಣವಿಲ್ಲ! 1864ರಲ್ಲಿ ಮೊದಲಿಗನಿಗೆ 6 ಪೌಂಡು ಕೊಡಲಾಯಿತು. ನಾಲ್ಕು ಸಲ ಈ ಸ್ಪರ್ಧೆಯನ್ನು ಗೆದ್ದ ಮಾರಿಸನು ಅದನ್ನು ನಂಬಿ ಬದುಕಿದ್ದರೆ ಹೆಂಡತಿ ಮಕ್ಕಳು ಉಪವಾಸ ಬೀಳುತ್ತಿದ್ದರು.

ಅವನು ಬದುಕಿದ್ದು ಗುದ್ದಲಿಯಿಂದ. 1864ರಲ್ಲಿ ಸೇಂಟ್ ಆಂಡ್ರೂಸಿನ ರಾಯಲ್ ಅಂಡ್ ಏನ್ಷಂಟ್ ಕ್ಲಬ್ಬು ಅವನನ್ನು ಹುಟ್ಟೂರಿಗೆ ಮರಳಿ ಕರೆಯಿತು. ವರ್ಷಕ್ಕೆ 50 ಪೌಂಡು ಸಂಬಳ, ನೆಲದ ಖರ್ಚಿಗೆ 20 ಪೌಂಡು. ಅವನ ಕೈಗೆ ಒಪ್ಪಿಸಿದ ಆಯುಧಗಳು ಒಂದು ತಳ್ಳುಗಾಡಿ, ಒಂದು ಗುದ್ದಲಿ, ಒಂದು ಸಲಿಕೆ. ಅಲ್ಲಿಂದ ಮುಂದೆ ಸುಮಾರು ನಾಲ್ವತ್ತು ವರ್ಷಗಳ ಕಾಲ ಅವನು ಆ ನೆಲವನ್ನು ಮಗುವಿನಂತೆ ಸಾಕಿದನು. ಹುಲ್ಲಿಗೆ ಮರಳು ಹರಡುವುದು ಅವನ ಮುಖ್ಯ ಔಷಧಿ. ಭಾನುವಾರ ಯಾರೂ ಆಡಕೂಡದು. ಆಡುವವರಿಗೆ ಬೇಡವಾದರೂ ನೆಲಕ್ಕೆ ವಿಶ್ರಾಂತಿ ಬೇಕೆಂಬುದು ಅವನ ನಿಲುವು. ಹದಿನೆಂಟನೆಯ ಕುಳಿಯ ಪಕ್ಕದಲ್ಲಿ ಅವನು ಕೋಲುಗಳ ಅಂಗಡಿಯಿಟ್ಟನು. ಹೊಸ ಸಂಘಗಳವರು ಅಂಕಣವನ್ನು ಗುರುತಿಸಿಕೊಡಲು ಅವನನ್ನು ಕರೆಸುತ್ತಿದ್ದರು. ಇಂಗ್ಲೆಂಡಿನ ವೆಸ್ಟ್‌ವರ್ಡ್ ಹೋ, ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡ್, ಐರ್ಲೆಂಡಿನ ಕೌಂಟಿ ಡೌನ್ ಮೊದಲಾದವುಗಳಲ್ಲಿ ಅವನ ಕೈಯಿದೆ. ಈ ಕೊನೆಯದಕ್ಕೆ 1889ರಲ್ಲಿ ನಾಲ್ಕು ಪೌಂಡು ಮೀರದ ವೆಚ್ಚದಲ್ಲಿ ಅವನನ್ನು ಕರೆಸಬೇಕೆಂದು ತೀರ್ಮಾನಿಸಿದ್ದರು. ಹೀಗೆ ಚೆಂಡು, ಕೋಲು, ನೆಲ, ನಕ್ಷೆ, ಪಾಠ, ಪಂದ್ಯ ಎಂಬ ಆರೇಳು ಸಣ್ಣ ಆದಾಯಗಳನ್ನು ಹೊಸೆದು ಮಾಡಿದ ಹಗ್ಗವೇ ಮಾರಿಸನ ವೃತ್ತಿ. ಯಾವ ಒಂದು ಎಳೆಯೂ ತಾನೇ ಭಾರವನ್ನು ತಾಳುವಂತಹುದಲ್ಲ. ಆಟದಲ್ಲಿ ಪ್ರೀತಿಯಿದ್ದವನು ಆಟಗಾರನಾಗಿ ಬದುಕಿದನೆಂಬ ಜನಪ್ರಿಯ ವರ್ಣನೆಯನ್ನು ಆದಕಾರಣ ನಾವು ಒಪ್ಪಲಾರೆವು. ಅವನು ಆಟದ ಸುತ್ತಲಿನ ಎಲ್ಲ ಕೆಲಸಗಳನ್ನೂ ಮಾಡಿ ನಡುವೆ ಆಡುವುದಕ್ಕೆ ಬಿಡುವು ಗಳಿಸಿಕೊಂಡನು.

ಬರಿಯ ಆಟದಿಂದಲೇ ಬದುಕಲು ಹೊರಟವನು ಅವನ ಮಗ. 1851ರಲ್ಲಿ ಹುಟ್ಟಿದ ಕಿರಿಯ ಟಾಮನು ಏರ್ ಪಟ್ಟಣದ ಅಕಾಡೆಮಿಯಲ್ಲಿ ಅನುಕೂಲಸ್ಥರ ಮಕ್ಕಳೊಡನೆ ಓದಿದನು. ತಂದೆಯಂತೆ ಯಾರ ಅಡುಗೆಯ ಮನೆಯಲ್ಲಿಯೂ ಗರಿ ತುರುಕಲಿಲ್ಲ. ಹದಿನೇಳನೆಯ ವಯಸ್ಸಿನಲ್ಲಿ, 1868ರಲ್ಲಿ, ಅವನು ಓಪನ್ ಸ್ಪರ್ಧೆಯನ್ನು ಗೆದ್ದನು. 1869ರಲ್ಲಿಯೂ 1870ರಲ್ಲಿಯೂ ಮತ್ತೆ ಗೆದ್ದುದರಿಂದ ನಿಯಮದಂತೆ ನಡುಪಟ್ಟಿ ಅವನ ಸ್ವಂತದ್ದಾಯಿತು. 1870ರಲ್ಲಿ ಮೂವತ್ತಾರು ಕುಳಿಗಳಿಗೆ ಅವನ ಹೊಡೆತಗಳು 149. ಹತ್ತು ವರ್ಷಗಳ ಹಿಂದೆ ಪಾರ್ಕನು ಗೆದ್ದ ಲೆಕ್ಕಕ್ಕಿಂತ ಇಪ್ಪತ್ತೈದು ಕಡಮೆ. ಕೊಡಲು ಪಟ್ಟಿಯೇ ಇಲ್ಲದ ಕಾರಣ 1871ರಲ್ಲಿ ಸ್ಪರ್ಧೆ ನಡೆಯಲಿಲ್ಲ. 1872ರಲ್ಲಿ ಮತ್ತೆ ನಡೆದಾಗ ಗೆದ್ದವನು ಅವನೇ. ಪಂದ್ಯಗಳಿಗಾಗಿ ಊರೂರು ಸುತ್ತಿದನು; ಜನ ಅವನನ್ನು ನೋಡಲು ಬಂದರು. ಆಟಗಾರನನ್ನು ನೋಡುವುದೇ ಒಂದು ಮೌಲ್ಯವುಳ್ಳ ವಸ್ತುವೆಂದು ಆಗ ಮೊದಲು ತೋರಿತು. ಆದರೆ 1875ರ ಸೆಪ್ಟೆಂಬರಿನಲ್ಲಿ ತಂದೆ ಮಗ ಇಬ್ಬರೂ ನಾರ್ತ್ ಬೆರಿಕ್ಕಿನಲ್ಲಿ ಪಾರ್ಕ್ ಸೋದರರೆದುರು ಆಡುತ್ತಿದ್ದಾಗ ಮಗನ ಹೆಂಡತಿಗೆ ಹೆರಿಗೆಯ ಸಂಕಟವೆಂದು ತಂತಿ ಬಂದಿತು. ದೋಣಿಯಲ್ಲಿ ಕೊಲ್ಲಿಯನ್ನು ದಾಟಿ ಊರು ಸೇರುವ ವೇಳೆಗೆ ತಾಯಿಯೂ ಇಲ್ಲ, ಕೂಸೂ ಇಲ್ಲ. ಅದೇ ವರ್ಷದ ಕ್ರಿಸ್ಮಸ್ ದಿನ ಕಿರಿಯ ಟಾಮನೂ ತೀರಿಕೊಂಡನು. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ತಂದೆ ಇನ್ನೂ ಮೂವತ್ತೆರಡು ವರ್ಷ ಬದುಕಿ 1908ರಲ್ಲಿ ಮಡಿದನು.

ಈಗ ನಾವು ಈ ಚರಿತ್ರೆಯಲ್ಲಿ ಅತ್ಯಂತ ಕುತೂಹಲಕರವೆಂದು ಭಾವಿಸುವ ಒಂದು ದಾಖಲೆಯತ್ತ ತಿರುಗೋಣ. ಇಂಗ್ಲಿಷಿನಲ್ಲಿ ಹವ್ಯಾಸಿ ಆಟಗಾರನಿಗೆ ಅಮೆಚೂರ್ ಎಂಬ ಹೆಸರು. ಪ್ರೀತಿಸುವುದು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದ ಶಬ್ದವದು. ಎಂದರೆ, ಪ್ರೀತಿಗಾಗಿ ಆಡುವವನು. 1885ರಲ್ಲಿ ಹಾಯ್‌ಲೇಕಿನಲ್ಲಿ ಹವ್ಯಾಸಿಗಳಿಗಾಗಿಯೇ ಒಂದು ಸ್ಪರ್ಧೆಯನ್ನು ಏರ್ಪಡಿಸಿದಾಗ, ಯಾರನ್ನು ಹವ್ಯಾಸಿಯೆನ್ನಬೇಕೆಂಬ ತೊಡಕು ಹುಟ್ಟಿತು. ಡಗ್ಲಸ್ ರೋಲೆಂಡ್ ಎಂಬ ಕಲ್ಲುಕುಟಿಗನು ಹಿಂದಿನ ವರ್ಷ ಓಪನ್ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ ಪಡೆದು ಬಹುಮಾನದ ಹಣವನ್ನು ಸ್ವೀಕರಿಸಿದ್ದನು, ಅವನಿಗೆ ಪ್ರವೇಶವಿಲ್ಲವೆಂದರು. ಆದರೆ ಹಾಯ್‌ಲೇಕಿನ ಹೆಮ್ಮೆಯ ಆಟಗಾರನೂ ಅಲ್ಲಿನ ಹೋಟೆಲಿನ ಯಜಮಾನನ ಮಗನೂ ಆದ ಜಾನ್ ಬಾಲನೂ 1878ರಲ್ಲಿ, ಹುಡುಗನಾಗಿದ್ದಾಗ, ಅದೇ ಸ್ಪರ್ಧೆಯಲ್ಲಿ ಅಲ್ಪಸ್ವಲ್ಪ ಹಣ ತೆಗೆದುಕೊಂಡಿದ್ದನಲ್ಲ! 1886ರಲ್ಲಿ ರಚಿತವಾದ ವ್ಯಾಖ್ಯೆಯು ಈ ತೊಡಕನ್ನು ಬಹು ಜಾಣತನದಿಂದ ಬಿಡಿಸಿತು. ಆ ವರ್ಷದ ಸೆಪ್ಟೆಂಬರಿನ ಮೊದಲ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಹಣದ ಬಹುಮಾನ ಪಡೆಯದವನು ಹವ್ಯಾಸಿಯಂತೆ. ಬಾಲನು ಪಾರಾದನು, ರೋಲೆಂಡನು ಸಿಕ್ಕಿಬಿದ್ದನು.

ವ್ಯಾಖ್ಯೆಯ ಉಳಿದ ಭಾಗ ಇನ್ನೂ ಸ್ವಾರಸ್ಯವಾದದ್ದು. ಮಾರಾಟಕ್ಕಾಗಿ ಕೋಲನ್ನಾಗಲಿ ಚೆಂಡನ್ನಾಗಲಿ ಎಂದೂ ಮಾಡಿರಬಾರದು. ಹದಿನೈದು ವರ್ಷ ತುಂಬಿದ ಮೇಲೆ ಕೂಲಿಗಾಗಿ ಕೋಲುಗಳನ್ನು ಹೊತ್ತಿರಬಾರದು. ಆಟವನ್ನು ಕಲಿಸಿ ಪ್ರತಿಫಲ ಪಡೆದಿರಬಾರದು. ಪ್ರೀತಿಯ ಹೆಸರನ್ನು ಹೊತ್ತ ಈ ವ್ಯಾಖ್ಯೆಯಲ್ಲಿ ಪ್ರೀತಿಯ ಸುದ್ದಿಯೇ ಇಲ್ಲ. ಅದರಲ್ಲಿರುವುದೆಲ್ಲ ಕೈಗಳ ಸುದ್ದಿ: ಅವು ಏನು ಮಾಡಿದುವು, ಏನು ಹೊತ್ತುವು, ಏನು ಪಡೆದುವು. ಹದಿನಾರನೆಯ ವಯಸ್ಸಿನಲ್ಲಿ ಮನೆಯ ಬಡತನಕ್ಕಾಗಿ ಒಂದು ಹೊರೆ ಹೊತ್ತ ಹುಡುಗನು ಎಷ್ಟೇ ಪ್ರೀತಿಯಿಂದ ಆಡಿದರೂ ಪ್ರೀತಿಗಾಗಿ ಆಡುವವನೆನ್ನಿಸಿಕೊಳ್ಳಲಾರನು. ನಿಯಮವನ್ನು ಬರೆದವರು ದುಷ್ಟರೆಂದು ನಾವು ಹೇಳುವುದಿಲ್ಲ. ಅವರ ಕಾಲದಲ್ಲಿ ದೋಣಿಯ ಪಂದ್ಯಗಳಲ್ಲಿಯೂ ಇಂತಹವೇ ನಿಯಮಗಳಿದ್ದುವು. ಆದರೆ ಒಂದು ವರ್ಗದ ಬಿಡುವನ್ನು ಸದ್ಗುಣವೆಂದೂ ಇನ್ನೊಂದು ವರ್ಗದ ದುಡಿಮೆಯನ್ನು ಕಳಂಕವೆಂದೂ ಹೀಗೆ ಶಾಸನರೂಪದಲ್ಲಿ ಬರೆದಿಟ್ಟಿರುವುದನ್ನು ಕಂಡೂ ಕಾಣದಂತೆ ಮುಂದೆ ಸಾಗುವುದು ಇತಿಹಾಸಕಾರನ ಧರ್ಮವಲ್ಲ.

ಇದರ ಅರ್ಥವು ಜಾನ್ ಹೆನ್ರಿ ಟೇಲರನ ಬಾಳಿನಲ್ಲಿ ಸ್ಪಷ್ಟವಾಗುತ್ತದೆ. 1871ರಲ್ಲಿ ಡೆವನ್ ಪ್ರಾಂತದ ನಾರ್ತಮ್ ಹಳ್ಳಿಯಲ್ಲಿ ಹುಟ್ಟಿದ ಈ ಬಡವರ ಮಗನು ಹನ್ನೊಂದರಲ್ಲಿ ಶಾಲೆ ಬಿಟ್ಟು, ಮಾರಿಸನು ಗುರುತಿಸಿದ್ದ ವೆಸ್ಟ್‌ವರ್ಡ್ ಹೋ ಅಂಕಣದಲ್ಲಿ ಕ್ಯಾಡಿಯಾದನು; ಹಚಿನ್ಸನ್ ಮನೆತನದಲ್ಲಿ ಚಾಕರಿಯ ಹುಡುಗನಾಗಿದ್ದನು. ಆ ಮನೆಯ ಮಗ ಹೊರೇಸ್ ಹಚಿನ್ಸನ್ 1886ರಲ್ಲಿಯೂ 1887ರಲ್ಲಿಯೂ ಹವ್ಯಾಸಿಗಳ ಚಾಂಪಿಯನ್. ಒಂದೇ ಗಾಳಿ, ಒಂದೇ ಹುಲ್ಲು. ಒಬ್ಬನು ಹವ್ಯಾಸಿ, ಇನ್ನೊಬ್ಬನು ವೃತ್ತಿಗಾರ. ಕಣ್ಣಿನ ದೋಷದಿಂದ ಸೈನ್ಯಕ್ಕೆ ಸೇರಲಾಗದ ಟೇಲರನು ನೆಲ ನೋಡಿಕೊಳ್ಳುವ ಕೆಲಸಕ್ಕೆ ನಿಂತು, 1894ರಲ್ಲಿ, ಓಪನ್ ಸ್ಪರ್ಧೆ ಇಂಗ್ಲೆಂಡಿನಲ್ಲಿ ಮೊದಲ ಬಾರಿ ನಡೆದಾಗ, ಅದನ್ನು ಗೆದ್ದನು. ಒಟ್ಟು ಐದು ಸಲ ಗೆದ್ದನು. ಆದರೆ ನಮ್ಮ ದೃಷ್ಟಿಯಲ್ಲಿ ಅವನ ಹಿರಿಮೆ ಬೇರೆಡೆಯಿದೆ. ಚೆಂಡು ಕೋಲುಗಳನ್ನು ಮಾರುವ ಹಕ್ಕನ್ನು ಕೆಲವು ಸಂಘಗಳು ವೃತ್ತಿಗಾರನಿಂದ ಕಿತ್ತು ಹೆಚ್ಚು ಹಣ ಕೊಟ್ಟವನಿಗೆ ಕೊಡತೊಡಗಿದಾಗ, 1901ರಲ್ಲಿ ಟೇಲರನೂ ಅವನ ಜೊತೆಯವರೂ ಕೂಡಿ ವೃತ್ತಿಗಾರರ ಸಂಘವನ್ನು ಸ್ಥಾಪಿಸಿದರು. ಟೇಲರನೇ ಅದರ ಮೊದಲ ಅಧ್ಯಕ್ಷ. ಮೂಲದಲ್ಲಿ ಬಡಗಿಯಾಗಿದ್ದ ಜೇಮ್ಸ್ ಬ್ರೇಡನು ನಾಯಕ. ಮಾರಿಸನು ಒಬ್ಬೊಬ್ಬ ಧಣಿಯ ದಯೆಯಿಂದ ಪಡೆದುದನ್ನು ಇವರು ಒಟ್ಟಾಗಿ ಹಕ್ಕೆಂದು ಕೇಳಿದರು.

ಅಮೆರಿಕದಲ್ಲಿಯೂ ಪರಿಸ್ಥಿತಿ ಬಹಳ ಭಿನ್ನವಾಗಿರಲಿಲ್ಲ. ಕ್ಯಾಡಿಯಾಗಿದ್ದ ಫ್ರಾನ್ಸಿಸ್ ವಿಮೆಟ್ಟನು 1913ರಲ್ಲಿ ಆ ದೇಶದ ಓಪನ್ ಸ್ಪರ್ಧೆಯಲ್ಲಿ ಇಂಗ್ಲೆಂಡಿನ ಘಟಾನುಘಟಿಗಳಾದ ವಾರ್ಡನ್, ರೇ ಇಬ್ಬರನ್ನೂ ಸೋಲಿಸಿ ಜನನಾಯಕನಾದನು. ಆಟದ ಸಾಮಾನಿನ ಅಂಗಡಿಯನ್ನು ತೆರೆದನೆಂಬ ಕಾರಣದಿಂದ 1916ರಲ್ಲಿ ಅವನ ಹವ್ಯಾಸಿ ಪದವಿಯನ್ನು ಕಿತ್ತುಕೊಂಡು, 1918ರಲ್ಲಿ ಮರಳಿ ಕೊಟ್ಟರು. ಇನ್ನೊಬ್ಬ ಕ್ಯಾಡಿ, ರಾಚೆಸ್ಟರಿನ ವಾಲ್ಟರ್ ಹೇಗನ್, 1919ರಲ್ಲಿ ಸಂಘದ ನೌಕರಿಗೆ ರಾಜೀನಾಮೆಯಿತ್ತು ಆಟವನ್ನೇ ನೆಚ್ಚಿ ಹೊರಟನು. ಕಿರಿಯ ಟಾಮನು ಅರ್ಧಕ್ಕೆ ಬಿಟ್ಟ ದಾರಿಯದು. 1920ರಲ್ಲಿ ಅವನು ಓಪನ್ ಸ್ಪರ್ಧೆಗೆಂದು ಇಂಗ್ಲೆಂಡಿನ ಡೀಲ್ ಪಟ್ಟಣಕ್ಕೆ ಬಂದಾಗ, ವೃತ್ತಿಗಾರರು ಕ್ಲಬ್ಬಿನ ಕಟ್ಟಡದೊಳಗೆ ಕಾಲಿಡುವಂತಿಲ್ಲವೆಂದರು. ಹೇಗನ್ನನು ಭಾರಿಯಾದ ಮೋಟಾರುಗಾಡಿಯೊಂದನ್ನು ಬಾಡಿಗೆಗೆ ಪಡೆದು ಆ ಕಟ್ಟಡದ ಎದುರಿಗೇ ನಿಲ್ಲಿಸಿಕೊಂಡು ಅದರಲ್ಲಿಯೇ ಉಡುಪು ಬದಲಾಯಿಸಿದನು. ಅದೇ ವರ್ಷ ಅಮೆರಿಕದ ಟೊಲೀಡೋ ನಗರದ ಇನ್ವರ್ನೆಸ್ ಕ್ಲಬ್ಬು ತನ್ನ ಬಾಗಿಲನ್ನು ವೃತ್ತಿಗಾರರಿಗೆ ತೆರೆಯಿತು. ಅವರು ಕೃತಜ್ಞತೆಯಿಂದ ಆ ಕ್ಲಬ್ಬಿಗೆ ಎತ್ತರವಾದ ಗಡಿಯಾರವೊಂದನ್ನು ಕಾಣಿಕೆಯಾಗಿತ್ತರು.

ಭಾರತಕ್ಕೆ ಈ ಆಟವು ಬಹಳ ಮುಂಚೆಯೇ ಬಂದಿತ್ತು. ಕಲ್ಕತ್ತೆಯ ಕ್ಲಬ್ಬು 1829ರದು. ಸೇಂಟ್ ಆಂಡ್ರೂಸಿನವರು ರಾಯಲ್ ಎಂಬ ಬಿರುದನ್ನು ಪಡೆದದ್ದು ಅದಕ್ಕೂ ಐದು ವರ್ಷ ತರುವಾಯ. ಬೆಂಗಳೂರಿನ ಕ್ಲಬ್ಬು 1876ರಲ್ಲಿ ಹುಟ್ಟಿತು. ಆಟದೊಡನೆ ಕ್ಯಾಡಿಯೂ ಬಂದನು. ಇಲ್ಲಿಯೂ ಸುತ್ತಲಿನ ಹಳ್ಳಿಗಳ ಹುಡುಗರು ಹೊರೆ ಹೊತ್ತು ಆಟ ಕಲಿತರು. 1964ರಲ್ಲಿ ಆರಂಭವಾದ ಇಂಡಿಯನ್ ಓಪನ್ ಸ್ಪರ್ಧೆಯನ್ನು ಮರುವರ್ಷವೇ ಪಿ. ಜಿ. ಸೇಠಿಯವರು ಗೆದ್ದರು, ಅವರು ಹವ್ಯಾಸಿಗಳು. ಭಾರತೀಯ ವೃತ್ತಿಗಾರನೊಬ್ಬನ ಗೆಲುವಿಗೆ 1991ರವರೆಗೆ ಕಾಯಬೇಕಾಯಿತು. ಆ ವರ್ಷ ಗೆದ್ದ ಅಲಿ ಶೇರ್ ಅವರು ದೆಹಲಿಯ ಅಂಕಣದಲ್ಲಿ ಕ್ಯಾಡಿಯಾಗಿದ್ದವರು. 2009ರಲ್ಲಿ ಅದೇ ಸ್ಪರ್ಧೆಯನ್ನು ಗೆದ್ದ ಚಿನ್ನಸ್ವಾಮಿ ಮುನಿಯಪ್ಪನವರು ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಅಂಕಣದಲ್ಲಿ ಕೋಲು ಹೊತ್ತವರು. 1886ರ ವ್ಯಾಖ್ಯೆ ಯಾರನ್ನು ಹೊರಗಿಡಲು ಹುಟ್ಟಿತೋ ಅಂತಹವರೇ ಇವರಿಬ್ಬರೂ.

ಆದರೆ ಅಷ್ಟರಲ್ಲಿ ಪ್ರವಾಹವು ದಿಕ್ಕನ್ನು ಬದಲಾಯಿಸಿತ್ತು. ಹಿಂದೆ ವೃತ್ತಿಗಾರನೆನ್ನಿಸಿಕೊಳ್ಳುವುದು ಹಿಮ್ಮೆಟ್ಟುವಿಕೆ. ಈಗ ಹವ್ಯಾಸಿ ಸ್ಪರ್ಧೆಗಳು ವೃತ್ತಿಗೆ ಸಿದ್ಧತೆ. ಅದೇ ಬೆಂಗಳೂರಿನಲ್ಲಿ ಎಳೆಯ ವಯಸ್ಸಿನಲ್ಲಿಯೇ ಆಟ ಕಲಿತ ಅದಿತಿ ಅಶೋಕ್ ಅವರು ಹವ್ಯಾಸಿಯಾಗಿ ಹೆಸರು ಮಾಡಿ 2016ರಲ್ಲಿ ವೃತ್ತಿಯನ್ನು ಕೈಕೊಂಡರು. ಆ ವರ್ಷವೇ ರಿಯೋ ಒಲಿಂಪಿಕ್ಸಿನಲ್ಲಿ ಆಡಿ, ಮಹಿಳೆಯರ ಇಂಡಿಯನ್ ಓಪನ್ ಸ್ಪರ್ಧೆಯನ್ನೂ ಗೆದ್ದರು. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ಸಿನಲ್ಲಿ ಅವರು ನಾಲ್ಕನೆಯವರಾಗಿ ನಿಂತಾಗ ಅವರ ಕೋಲುಗಳ ಚೀಲವನ್ನು ಹೊತ್ತು ನಡೆದವರು ಅವರ ತಾಯಿ.